ಹಿಂಡಿದ ನೀರು

ವಾಪಸ್ ಬಂದ ರಟ್ಟಿನ ಪೆಟ್ಟಿಗೆಯನ್ನು ಸಾಹುಕಾರರು ನಮ್ಮ ಪ್ಯಾಕಿಂಗ್ ಮೇಜಿನ ನಟ್ಟನಡುವೆ ಇಟ್ಟು, ಯಾರ ಮುಖವನ್ನೂ ನೋಡದೆ, "ತೆಗೆದು ನೋಡಿ" ಅಂದರು.

ತೆಗೆದವಳು ನಾನೇ. ಇಪ್ಪತ್ತೆರಡು ವರ್ಷದಿಂದ ಆ ಮೇಜಿನ ತಲೆಯಲ್ಲಿ ನಿಂತವಳು ನಾನು. ಹದಿನಾಲ್ಕು ಹೆಂಗಸರು ನನ್ನ ಕೈಕೆಳಗೆ ಕೆಲಸ ಮಾಡುತ್ತಾರೆ, ವಯಸ್ಸಿನಲ್ಲಿ ನನಗಿಂತ ಹಿರಿಯರೂ ನನ್ನನ್ನು ದೊಡ್ಡಕ್ಕ ಅಂತಲೇ ಕರೆಯುತ್ತಾರೆ. ಒಂದು ಪ್ಯಾಕೆಟ್ಟಿನ ಮುಚ್ಚಳ ಎತ್ತಿ ಮೊದಲ ವೈಪ್ ಎಳೆದೆ. ಬೆಳ್ಳಗೆ ಚೆನ್ನಾಗಿಯೇ ಇತ್ತು. ಎರಡನೆಯದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಮೂರನೆಯದರಲ್ಲಿ ಏಳೆಂಟು. ನಾಲ್ಕನೆಯದನ್ನು ಬಿಚ್ಚುವ ಮೊದಲೇ ಮೂಗಿಗೆ ಬಡಿಯಿತು, ಮುಚ್ಚಿಟ್ಟ ಹಳೇ ಟ್ರಂಕಿನ ವಾಸನೆ. ಬೂಷ್ಟು.

ಮೈ ಒರೆಸುವ ಒದ್ದೆ ವೈಪ್ ತಯಾರಿಸುವ ಕಾರ್ಖಾನೆ ನಮ್ಮದು. ಮೊದಲೆಲ್ಲ ಘಮಘಮ ಅನ್ನುವ ತೆಳ್ಳನೆಯ ವೈಪ್ ಮಾಡುತ್ತಿದ್ದೆವು, ಬಸ್ಸಿನಲ್ಲಿ ಹೋಗುವವರು ಬೆವರು ಒರೆಸಿಕೊಂಡು ಕಿಟಕಿಯಿಂದ ಎಸೆಯುವಂಥದ್ದು. ಈ ವರ್ಷ ಒಂದು ದೊಡ್ಡ ಆಸ್ಪತ್ರೆಯವರು ಬೇರೆ ಥರದ್ದು ಕೇಳಿದ್ದರು. ಹಾಸಿಗೆ ಹಿಡಿದವರ ಮೈ ಒರೆಸಲು. ವಾಸನೆ ಇರಬಾರದು, ಉರಿಯಬಾರದು, ಕಾಗದದಷ್ಟು ತೆಳ್ಳಗಾದ ಚರ್ಮವನ್ನು ಕೆರೆಯಬಾರದು. ಅದಕ್ಕೆಂದೇ ಮೆತ್ತನೆಯ ಹತ್ತಿ ಬಟ್ಟೆ ತರಿಸಿ, ಸ್ಪಿರಿಟ್ ಇಲ್ಲದ ಲೋಷನ್ ಕಲಸಿ, ಮೂರು ತಿಂಗಳು ಒದ್ದಾಡಿ ಮಾಡಿದ ಸರಕು ಅದು. ಮೊದಲ ಲಾರಿ ಹೊರಟ ದಿನ ನಾವೆಲ್ಲ ಗೇಟಿನ ತನಕ ಹೋಗಿ ಕೈ ಬೀಸಿದ್ದೆವು, ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ. ಈಗ ಮಗಳು ಐದೇ ವಾರಕ್ಕೆ ತವರಿಗೆ ಬಂದು ಕೂತಿದ್ದಳು.

ಆಸ್ಪತ್ರೆಯ ವಾರ್ಡ್ ಸಿಸ್ಟರ್ ಒಳ್ಳೆಯ ಹೆಂಗಸು. ರೋಗಿಗೆ ಮುಟ್ಟಿಸುವ ಮೊದಲೇ ಚುಕ್ಕೆ ನೋಡಿ ಎಲ್ಲವನ್ನೂ ಎತ್ತಿಡಿಸಿದ್ದರು. ಪೆಟ್ಟಿಗೆಯ ಜೊತೆ ಒಂದು ಚೀಟಿ ಇತ್ತು. ಎರಡು ತಿಂಗಳ ಕಾಲಾವಕಾಶ ಕೊಡುತ್ತೇನೆ, ಅಷ್ಟರಲ್ಲಿ ಸರಿಯಾದದ್ದು ಬಂದರೆ ಸರಿ, ಇಲ್ಲದಿದ್ದರೆ ಇನ್ನೆಂದೂ ಬೇಡ ಅಂತ ಬರೆದಿದ್ದರು.

ನಮ್ಮ ಲ್ಯಾಬ್ ಮೇಡಂ ಗೋಡೆಗೆ ಒರಗಿ ನಿಂತಿದ್ದಳು. ನನ್ನ ಮಗಳ ವಯಸ್ಸಿನ ಹುಡುಗಿ, ದಪ್ಪ ಕನ್ನಡಕ, ಜೇಬಿನಲ್ಲಿ ಮೂರು ಪೆನ್ನು. ಕೆಟ್ಟವಳಲ್ಲ. ಓದಿದ್ದು ಸ್ವಲ್ಪ ಹೆಚ್ಚಾಗಿತ್ತು, ಬೈಸಿಕೊಂಡಿದ್ದು ಸ್ವಲ್ಪ ಕಡಿಮೆಯಾಗಿತ್ತು, ಅಷ್ಟೆ.

"ಲೋಷನ್ ಸರಿಯಾಗಿದೆ ಸರ್," ಅಂದಳು. "ಸೀಸೆಗೆ ತುಂಬಿ, ಬೇಕು ಅಂತಲೇ ಕ್ರಿಮಿ ಹಾಕಿ, ಇಪ್ಪತ್ತೆಂಟು ದಿನ ನೋಡಿದೀನಿ. ಒಂದೂ ಉಳೀಲಿಲ್ಲ. ಬಟ್ಟೆ ಸುರುಳಿಯೂ ಶುದ್ಧವಾಗಿದೆ. ಹಾಗಾಗಿ..."

"ಹಾಗಾಗಿ ಉಳಿದಿದ್ದು ಕೈ," ಅಂದರು ಸಾಹುಕಾರರು.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇದು ಇಡೀ ಕಾರ್ಖಾನೆಗೆ ಗೊತ್ತು. "ಯಾರ ಕೈ ಸರ್?" ಅಂದೆ. "ನಾವು ಗ್ಲೌಸ್ ಹಾಕ್ಕೊಂಡೇ ಮುಟ್ಟೋದು."

"ಗ್ಲೌಸ್ ಹಾಕೋದೂ ಕೈಯಲ್ಲೇ ಅಲ್ವಾ?" ಅಂದುಬಿಟ್ಟಳು ಲ್ಯಾಬ್ ಮೇಡಂ.

ಮರುದಿನ ಜೆಲ್ಲಿ ಹಾಕಿದ ಗಾಜಿನ ತಟ್ಟೆಗಳು ಬಂದವು, ತಲೆಗೊಂದು. ಬರಿಗೈ ಬೆರಳನ್ನು ಅದರ ಮೇಲೆ ಒತ್ತಬೇಕು, ಮೂರು ದಿನ ಬಿಟ್ಟು ನೋಡಿದರೆ ಬೆರಳಿನಲ್ಲಿದ್ದದ್ದೆಲ್ಲ ಅಲ್ಲಿ ಬೆಳೆದಿರುತ್ತದೆ. ನಾನು ಮೊದಲು ಒತ್ತಿದೆ, ಒತ್ತಿ, "ಸಾಹುಕಾರರದ್ದೂ ಒಂದು ಒತ್ತಿಸಿ, ಜೊತೆಗಿರಲಿ" ಅಂದೆ. ಮೂರು ದಿನದ ಮೇಲೆ ಎಲ್ಲರ ತಟ್ಟೆಯಲ್ಲೂ ಏನೋ ಒಂದಿಷ್ಟು ಬೆಳೆದಿತ್ತು. ಮನುಷ್ಯರ ಕೈ, ಬೆಳೆಯದೆ ಇನ್ನೇನಾಗುತ್ತದೆ? ಆದರೆ ಸಣ್ಣಿಯ ತಟ್ಟೆ ಮಾತ್ರ ತುಂಬಿಹೋಗಿತ್ತು.

ಸಣ್ಣಿ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ಮನೆಯಲ್ಲಿ ಆರು ತಿಂಗಳ ಮಗು. ಮಾತು ಕಡಿಮೆ, ಬೆರಳು ಚುರುಕು; ಇಪ್ಪತ್ತು ವೈಪುಗಳ ಕಟ್ಟನ್ನು ಒಂದು ಸುಕ್ಕೂ ಇಲ್ಲದೆ ಪ್ಯಾಕೆಟ್ಟಿಗೆ ಜಾರಿಸುವುದರಲ್ಲಿ ನಾನೂ ಅವಳಿಗೆ ಸಮನಲ್ಲ. ಅವಳನ್ನು ಅವತ್ತೇ ಲೈನಿನಿಂದ ತೆಗೆದು, ರಟ್ಟು ಮಡಿಸುವ ಶೆಡ್ಡಿಗೆ ಹಾಕಿದರು. ಸಂಜೆಗೆ ನೋಟಿಸ್ ಬೋರ್ಡಿನಲ್ಲಿ ಕಾಗದ ಬಿತ್ತು. 'ಪ್ಯಾಕಿಂಗ್ ವಿಭಾಗದವರ ಕೈಗಳ ಅಶುದ್ಧತೆಯಿಂದ ಸರಕು ಕೆಟ್ಟಿರುವುದು ಕಂಡುಬಂದಿದೆ.' ಕೆಳಗೆ ಲ್ಯಾಬ್ ಮೇಡಂ ಸಹಿ.

ಸಾಹುಕಾರರು ನನ್ನನ್ನು ಕರೆಸಿ ಹೇಳಿದರು, "ಕೈ ತಾಗದೇ ಇರೋ ಮಿಷಿನ್ ತರಿಸ್ತಾ ಇದೀನಿ. ತಿಂಗಳ ಕೊನೇಲಿ ಬರುತ್ತೆ. ನಿಮಗೆಲ್ಲ ಬೇರೆ ಏನಾದ್ರೂ ನೋಡೋಣ."

ಆ 'ನೋಡೋಣ'ದ ಅರ್ಥ ನನಗೆ ಗೊತ್ತಿಲ್ಲವೇ? ನೋಡುವುದಿಲ್ಲ ಅಂತ. ಹದಿನೈದು ಮನೆಗಳ ಕೆಲಸ ಹೋಗುವುದು ಒಂದು ಕಡೆ. ಕೊಳಕು ಕೈಯವರು ಅನ್ನಿಸಿಕೊಂಡು ಹೋಗುವುದು ಇನ್ನೊಂದು ಕಡೆ. ಈ ಊರಿನಲ್ಲಿ ಆಮೇಲೆ ಯಾರು ಯಾವ ಕೆಲಸಕ್ಕೆ ಕರೆಯುತ್ತಾರೆ? ಆ ರಾತ್ರಿಯೆಲ್ಲ ನನಗೆ ಅನ್ನ ಸೇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಕೋಪದಲ್ಲಿ ಎರಡು ತುತ್ತು ಜಾಸ್ತಿಯೇ ಉಂಡೆ.

ಒಂದು ವಾರ ಕಳೆದಿತ್ತು. ಊಟದ ಬಿಡುವಿನಲ್ಲಿ ರಟ್ಟಿನ ಶೆಡ್ಡಿಗೆ ಹೋದೆ. ಸಣ್ಣಿ ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ಉಜ್ಜುತ್ತಿದ್ದಳು. ನೆಲ ತೊಳೆಯುವ ಔಷಧ ಹಾಕಿಕೊಂಡು. ಬೆರಳ ಸಂದಿಯೆಲ್ಲ ಬಿರಿದು ಕೆಂಪಗಾಗಿತ್ತು.

"ಏನೇ ಇದು? ತಲೆ ಕೆಟ್ಟಿದೆಯಾ?" ಅಂತ ಗದರಿ ನಲ್ಲಿ ನಿಲ್ಲಿಸಿದೆ.

ಅವಳು ಕೈ ಸೆರಗಿನಲ್ಲಿ ಮುಚ್ಚಿಕೊಂಡು ಮೆಲ್ಲಗೆ ಅಂದಳು, "ದೊಡ್ಡಕ್ಕ, ನಾನು ಮಗೂನ ಎತ್ಕೊಳ್ತಾ ಇಲ್ಲ. ನಮ್ಮಮ್ಮನೇ ನೋಡ್ಕೊಳ್ತಾಳೆ. ಹಾಲು ಕುಡಿಸೋವಾಗಲೂ ಅವಳೇ ಹಿಡ್ಕೊಂಡಿರ್ತಾಳೆ. ನನ್ನ ಕೈಯಲ್ಲಿ ಅಷ್ಟೊಂದು ಇದೆಯಂತಲ್ಲ."

ಅವಳಿಗೆ ಇನ್ನೂ ಎರಡು ಮಾತು ಬೈದು ಬಂದೆ. ಸಂಕಟವಾದಾಗ ಬೈಯುವುದೊಂದೇ ನನಗೆ ಬರುವುದು.

ನನ್ನ ಅತ್ತೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಬಿದ್ದು ಸೊಂಟ ಮುರಿದುಕೊಂಡರು, ನಾಲಿಗೆಗೆ ಏನೂ ಆಗಲಿಲ್ಲ. ಅದಕ್ಕೂ ಮೊದಲು ಮೂವತ್ತು ವರ್ಷ ಬೀದಿ ಕೊನೆಯಲ್ಲಿ ಲಾಂಡ್ರಿ ನಡೆಸಿದವರು. ಬೆಳಗ್ಗೆ ನನ್ನ ಗಂಡ ಅವರನ್ನು ಒರೆಸಿ ಬಟ್ಟೆ ಬದಲಿಸುತ್ತಾರೆ, ಸಂಜೆಯ ಪಾಳಿ ನನ್ನದು. ಅವತ್ತು ಅವರ ಬೆನ್ನು ಒರೆಸುತ್ತಾ ಕಾರ್ಖಾನೆಯ ಕಥೆಯನ್ನೆಲ್ಲ ಹೇಳಿದೆ, ಸಣ್ಣಿಯದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಕೈ ಜೋರಾಯಿತೇನೋ.

"ಸಾಹುಕಾರನ ಮೇಲಿನ ಸಿಟ್ಟು ನನ್ನ ಬೆನ್ನಿನ ಮೇಲೆ ಯಾಕೆ?" ಅಂದರು ಅತ್ತೆ. ಆಮೇಲೆ ಕೇಳಿದರು, "ಮೊದಲು ಮಾಡ್ತಿದ್ರಲ್ಲ, ವಾಸನೇದು. ಅದಕ್ಕೆ ಯಾವತ್ತಾದ್ರೂ ಬೂಷ್ಟು ಬಂದಿತ್ತಾ?"

"ಇಲ್ಲ."

"ಕೈ ಅವೇ ತಾನೆ?"

"ಅವೇ."

"ಹಾಗಾದ್ರೆ ಬದಲಾಗಿದ್ದೇನು?"

"ಲೋಷನ್ ಬದಲಾಯ್ತು, ಆದ್ರೆ ಅದನ್ನ ಪರೀಕ್ಷೆ ಮಾಡಿದಾರೆ. ಬಟ್ಟೆ ಬದಲಾಯ್ತು. ಆಗ ಪಾಲಿಯೆಸ್ಟರ್, ಈಗ ಹತ್ತಿ."

ಅತ್ತೆ ನಕ್ಕರು. ಹಲ್ಲಿಲ್ಲದ ಬಾಯಿ, ನಕ್ಕರೆ ಮುಖವೆಲ್ಲ ಬಾಯಾಗುತ್ತದೆ. "ಹತ್ತಿ ಅಂದ್ರೆ ಕುಡುಕ ಕಣೇ. ಲಾಂಡ್ರೀಲಿ ಬಿಳೀ ಬಟ್ಟೆಗೆ ನೀಲಿ ಹಾಕ್ತಿದ್ದೆನಲ್ಲ, ಬಕೆಟ್ಟಿಗೆ ಮೊದಲು ಒಂದು ದಪ್ಪ ಹತ್ತಿ ಬೆಡ್‌ಶೀಟ್ ಹಾಕಿಬಿಟ್ರೆ ಮುಗೀತು. ಇರೋ ನೀಲೀನೆಲ್ಲ ಅದೊಂದೇ ಕುಡಿದುಬಿಡೋದು. ಆಮೇಲೆ ಹಾಕಿದ ಬಟ್ಟೆಗೆ ಬರೀ ನೀರು. ಬಕೆಟ್ಟಿನಲ್ಲಿ ನೀರು ಮಾತ್ರ ಹಾಗೇ ಇರುತ್ತೆ, ತುಂಬಿಕೊಂಡು. ನೋಡಿದೋರಿಗೆ ಗೊತ್ತೇ ಆಗಲ್ಲ."

ನನ್ನ ಕೈ ಅಲ್ಲೇ ನಿಂತಿತು.

ನಮ್ಮ ಲೋಷನ್ನಿನಲ್ಲಿ ಬೂಷ್ಟು ಬಾರದಂತೆ ಕಾಯುವ ಒಂದು ಔಷಧವಿದೆ. ಅದರ ಹೆಸರು ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ, ನಾವೆಲ್ಲ ಅದನ್ನು 'ಕಾವಲುಗಾರ' ಅನ್ನುತ್ತೇವೆ. ದಿನಾ ಬೆಳಗ್ಗೆ ಟ್ಯಾಂಕಿನಲ್ಲಿ ಒಂದು ಹಳದಿ ಕಾಗದದ ಪಟ್ಟಿ ಅದ್ದಿ ಹತ್ತು ಎಣಿಸುವುದು ನನ್ನ ಕೆಲಸ. ಪಟ್ಟಿ ಹಸಿರಾದರೆ ಕಾವಲುಗಾರ ಇದ್ದಾನೆ, ಲೈನ್ ಶುರು ಮಾಡಬಹುದು. ದಿನಾ ಹಸಿರಾಗುತ್ತಿತ್ತು. ಟ್ಯಾಂಕಿನಲ್ಲಿ. ಬಟ್ಟೆಗೆ ಹೋದ ಮೇಲೆ ಕಾವಲುಗಾರ ಏನಾದ ಅಂತ ಯಾರು ನೋಡಿದ್ದರು?

ಮಾರನೆಯ ದಿನ ಎಲ್ಲರಿಗಿಂತ ಮುಂಚೆ ಹೋಗಿ ಫಿಟ್ಟರಣ್ಣನನ್ನು ಹಿಡಿದೆ. ಮಿಷಿನ್ ನೋಡಿಕೊಳ್ಳುವವನು ಅವನು. ಅವನಿಗೊಂದು ಚಟ. ಬಟ್ಟೆಯ ಸುರುಳಿ ಬದಲಿಸಿದಾಗಲೆಲ್ಲ ಮೂರು ನಾಲ್ಕು ಕಟ್ಟುಗಳನ್ನು ನಮ್ಮ ಮೇಜಿಗೆ ಬಿಡದೆ, ಮಿಷಿನ್ನಿನಿಂದ ನೇರವಾಗಿ ಸೀಲ್ ಹೊಡೆಯುವ ಕಡೆಗೇ ಹಾಯಿಸಿ, ಸೀಲು ಹೇಗೆ ಕೂತಿದೆ ನೋಡುತ್ತಾನೆ. ಚೆನ್ನಾಗಿ ಕೂತಿದ್ದನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಾನೆ, ಬಂದವರಿಗೆಲ್ಲ ತೋರಿಸಲು.

"ಅಣ್ಣಾ, ಆಸ್ಪತ್ರೆ ಸರಕು ಮಾಡಿದ ವಾರದ್ದು ಇದೆಯಾ?"

"ಇದೆ. ಆದ್ರೆ ಹರಿಯೋ ಹಾಗಿಲ್ಲ. ಆ ಸೀಲು ನೋಡು, ಒಂದೇ ಒಂದು ಗುಳ್ಳೆ..."

"ಸೀಲಿಗೆ ಬೆಂಕಿ ಬಿತ್ತು. ಯಾರಾದ್ರೂ ಕೈ ಹಾಕಿದಾರಾ ಇದಕ್ಕೆ?"

"ನನ್ನ ಕೈ ಕೂಡ ತಾಗಿಲ್ಲ. ಮಿಷಿನ್ ಹುಟ್ಟಿಸಿದ ಮಗು ಅದು," ಅಂದ ಫಿಟ್ಟರಣ್ಣ.

ಅವನ ಮುಖ ಹುಳ್ಳಗಾದರೂ ನಾಲ್ಕು ಪ್ಯಾಕೆಟ್ ಕೊಟ್ಟ. ನೇರ ಲ್ಯಾಬಿಗೆ ಹೋದೆ. ಮೇಡಂ ಆಗಷ್ಟೇ ಬಂದು ಕೋಟು ಹಾಕಿಕೊಳ್ಳುತ್ತಿದ್ದಳು.

"ಮೇಡಂ, ಇದನ್ನ ನೀವೇ ಬಿಚ್ಚಿ. ನಾನು ಮುಟ್ಟಲ್ಲ, ನನ್ನ ಕೈ ಕೊಳಕು," ಅಂದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತು ಅದು. ಹುಡುಗಿ ಕೆಂಪಗಾದಳು. ಗ್ಲೌಸ್ ಹಾಕಿ ಒಂದು ಪ್ಯಾಕೆಟ್ ಬಿಚ್ಚಿದಳು. ಚುಕ್ಕೆ. ಇನ್ನೊಂದರಲ್ಲೂ ಚುಕ್ಕೆ. ನಾಲ್ಕರಲ್ಲಿ ಮೂರು ಕೆಟ್ಟಿದ್ದವು, ಒಂದು ಚೆನ್ನಾಗಿತ್ತು. ಯಾವ ಹೆಂಗಸಿನ ಬೆರಳೂ ತಾಗದ ಪ್ಯಾಕೆಟ್ಟುಗಳು ಇವು ಅಂತ ಹೇಳಿದೆ. ಅವಳು ಕನ್ನಡಕ ಮೇಲೆ ತಳ್ಳಿಕೊಂಡು, "ಹಾಗಾದ್ರೆ ಟ್ಯಾಂಕು... ಆದ್ರೆ ಟ್ಯಾಂಕು ಸರಿ ಇದೆಯಲ್ಲ" ಅಂತ ತನಗೆ ತಾನೇ ಅಂದುಕೊಂಡಳು.

"ಆ ಚೆನ್ನಾಗಿರೋದನ್ನ ಹಿಂಡಿ. ನೀರನ್ನ ಒಂದು ಲೋಟಕ್ಕೆ ಹಿಡೀರಿ. ಅದಕ್ಕೆ ಪಟ್ಟಿ ಅದ್ದಿ," ಅಂದೆ.

ಅವಳು ಹಿಂಡಿದಳು, ಪಟ್ಟಿ ಅದ್ದಿದಳು. ನಾನು ಜೋರಾಗಿ ಹತ್ತು ಎಣಿಸಿದೆ. ಪಟ್ಟಿ ಹಳದಿಯಾಗಿಯೇ ಇತ್ತು. ಇನ್ನೂ ಹತ್ತು ಎಣಿಸಿದೆ. ಹಳದಿ. ಅವಳು ಹೊಸ ಪಟ್ಟಿ ತೆಗೆದಳು, ಹೊಸ ಲೋಟ ತೆಗೆದಳು, ಗೋದಾಮಿನಿಂದ ಹೊಸ ಪ್ಯಾಕೆಟ್ ತರಿಸಿದಳು, ಏಳು ಸಲ ಮಾಡಿದಳು. ಏಳು ಹಳದಿ ಪಟ್ಟಿಗಳು ಮೇಜಿನ ಮೇಲೆ ಸಾಲಾಗಿ ಮಲಗಿದವು. ಟ್ಯಾಂಕಿನದು ಪಕ್ಕದಲ್ಲಿ ಒಂದು, ಹಚ್ಚ ಹಸಿರು.

ಹುಡುಗಿ ಸ್ಟೂಲಿನ ಮೇಲೆ ಕೂತುಬಿಟ್ಟಳು. "ನಾನು ಸೀಸೆ ಪರೀಕ್ಷೆ ಮಾಡಿದೆ," ಅಂದಳು. "ಬಟ್ಟೇನ ಮಾಡಲೇ ಇಲ್ಲ. ಹಳೇ ಬಟ್ಟೆಯಲ್ಲಿ ವ್ಯತ್ಯಾಸ ಬರ್ತಾ ಇರಲಿಲ್ಲ, ಅದಕ್ಕೆ ಇದ್ರಲ್ಲೂ... ದೊಡ್ಡಕ್ಕ, ಕಾವಲುಗಾರನನ್ನೆಲ್ಲ ಹತ್ತಿ ಹಿಡಿದಿಟ್ಟುಕೊಂಡುಬಿಟ್ಟಿದೆ. ನೀರಲ್ಲಿ ಏನೂ ಉಳಿದಿಲ್ಲ." ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದಳು. ಕಣ್ಣು ಒರೆಸಿಕೊಳ್ಳುವುದಕ್ಕೆ ಅದೊಂದು ನೆಪ.

ನಾನು ತಂದಿದ್ದ ಬೈಗುಳ ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಇತ್ತು. ಹಾಗೇ ವಾಪಸ್ ತೆಗೆದುಕೊಂಡು ಹೋಗಲು ಮನಸ್ಸಾಗದೆ ಸ್ವಲ್ಪ ಖರ್ಚು ಮಾಡಿದೆ. ಸಣ್ಣಿಯ ಕೈ ಏನಾಗಿದೆ ಅಂತ ಹೇಳಿದೆ, ಮಗುವಿನ ವಿಷಯ ಹೇಳಿದೆ. ಅವಳು ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ ಎದ್ದು ರಟ್ಟಿನ ಶೆಡ್ಡಿಗೆ ಒಬ್ಬಳೇ ಹೋದಳು. ಅಲ್ಲಿ ಏನು ಮಾತಾಡಿದಳೋ ಸಣ್ಣಿ ಇವತ್ತಿನ ತನಕ ನನಗೆ ಹೇಳಿಲ್ಲ.

ಸಾಹುಕಾರರು ಹಳದಿ ಪಟ್ಟಿಗಳನ್ನು ನೋಡಿ ಮೊದಲು ಹೇಳಿದ್ದು, "ಔಷಧ ಇನ್ನೆರಡು ಪಾಲು ಜಾಸ್ತಿ ಸುರೀರಿ. ಬಟ್ಟೆ ಕುಡಿದು ಮಿಕ್ಕಷ್ಟು ಉಳಿಯುತ್ತೆ."

"ಆಗ ಬೂಷ್ಟು ಬರಲ್ಲ ಸರ್, ರೋಗಿಗೆ ಉರಿ ಬರುತ್ತೆ," ಅಂದಳು ಲ್ಯಾಬ್ ಮೇಡಂ. ಅವರಿಗೆ ಅವಳು ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಕುಡಿಯದೇ ಇರೋ ಬಟ್ಟೆ ಹುಡುಕಬೇಕು. ಅದೂ ಹತ್ತಿಯಷ್ಟೇ ಮೆತ್ತಗಿರಬೇಕು."

"ಎಷ್ಟು ದಿನ ಬೇಕು?"

"ಹುಡುಕೋದು ಎಷ್ಟು ದಿನವೋ ಗೊತ್ತಿಲ್ಲ. ಸಿಕ್ಕಮೇಲೆ ಇಪ್ಪತ್ತೆಂಟು ದಿನ ಪರೀಕ್ಷೆ."

ಸಾಹುಕಾರರು ಕ್ಯಾಲೆಂಡರ್ ನೋಡಿದರು. "ಮಿಷಿನ್ ಅವರಿಗೆ ಕಾಯೋಕೆ ಹೇಳ್ತೀನಿ, ಬೇಡ ಅಂತ ಹೇಳಲ್ಲ. ಪರೀಕ್ಷೇಲಿ ಒಂದು ಚುಕ್ಕೆ ಬಂದ್ರೂ ಮಿಷಿನ್ ಬರುತ್ತೆ, ಆಸ್ಪತ್ರೆ ಹೋಗುತ್ತೆ, ನೀವೂ ಹೋಗ್ತೀರಿ."

ಬಟ್ಟೆಯ ಹುಡುಕಾಟ ಶುರುವಾಯಿತು. ಮೇಡಂ ಎಲ್ಲೆಲ್ಲಿಂದಲೋ ತುಂಡುಗಳನ್ನು ತರಿಸಿದಳು. ಮೆತ್ತಗಿದ್ದವೆಲ್ಲ ಕುಡುಕರೇ, ಹಿಂಡಿದ ನೀರಿಗೆ ಪಟ್ಟಿ ಅದ್ದಿದರೆ ಹಳದಿ. ಕುಡಿಯದವುಗಳನ್ನು ಮುಟ್ಟಿದರೆ ಒರಟು. ಯಾವುದು ಒರಟು, ಯಾವುದು ಅಲ್ಲ ಅಂತ ತೀರ್ಮಾನಿಸುವುದಕ್ಕೆ ನಮಗೊಬ್ಬ ನ್ಯಾಯಾಧೀಶರು ಬೇಕಾಗಿತ್ತು. ಒಂದು ಭಾನುವಾರ ಮೇಡಂ ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ನಮ್ಮ ಮನೆಗೆ ಬಂದಳು. ಬರೀ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ಅತ್ತೆಯ ಒಳತೋಳಿನ ಮೇಲೆ ಒಂದೊಂದನ್ನೇ ಎಳೆಯುವುದು, ಅತ್ತೆ ಕಣ್ಣು ಮುಚ್ಚಿಕೊಂಡು ತೀರ್ಪು ಹೇಳುವುದು.

"ಇದು ಗೋಣಿಚೀಲ."

"ಅಜ್ಜೀ, ಇದು ತುಂಬಾ ಒಳ್ಳೇ ಕಂಪನೀದು..."

"ಒಳ್ಳೇ ಕಂಪನಿ ಗೋಣಿಚೀಲ. ಮುಂದಿನದು."

ಮುಂದಿನದನ್ನು ಬೆಕ್ಕಿನ ನಾಲಿಗೆ ಅಂದರು. ಅದರ ಮುಂದಿನದಕ್ಕೆ ಏನೂ ಹೇಳದೆ ತೋಳು ಎಳೆದುಕೊಂಡರು, ಅದು ಎಲ್ಲದಕ್ಕಿಂತ ಕೆಟ್ಟ ತೀರ್ಪು. ಮೇಡಂ ಎಲ್ಲವನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡಳು, ಬೆಕ್ಕಿನ ನಾಲಿಗೆ ಅನ್ನುವುದನ್ನೂ. ಎರಡನೆಯ ಭಾನುವಾರ ಒಂಬತ್ತನೆಯ ತುಂಡಿಗೆ ಅತ್ತೆ ಕಣ್ಣು ತೆರೆಯಲಿಲ್ಲ.

"ಇನ್ನೊಂದ್ಸಲ ಒರೆಸು," ಅಂದರು. ಒರೆಸಿದಳು. "ಈ ಕೈಗೂ." ಆ ಕೈಗೂ ಒರೆಸಿದಳು. "ಬೆನ್ನಿಗೆ."

ಮೇಡಂ ನನ್ನ ಕಡೆ ನೋಡಿದಳು. ನಾನು ಅತ್ತೆಯನ್ನು ಪಕ್ಕಕ್ಕೆ ಹೊರಳಿಸಿದೆ. ಅದು ಹತ್ತಿ ಅಲ್ಲ, ಹತ್ತಿಗೆ ನೆಂಟನೂ ಅಲ್ಲ. ಕೂದಲೆಳೆಗಿಂತ ಸಣ್ಣ ಎಳೆಯ ಪಾಲಿಯೆಸ್ಟರ್ ಅಂತೆ, ಹೆಣೆದ ರೀತಿಯಲ್ಲೇ ಮೆತ್ತಗಾಗಿದೆ. ಸೋಮವಾರ ಅದಕ್ಕೆ ಲೋಷನ್ ಕುಡಿಸಿ, ಎರಡು ದಿನ ಮುಚ್ಚಿಟ್ಟು, ಹಿಂಡಿ, ಪಟ್ಟಿ ಅದ್ದಿದೆವು. ನಾನು ಆರು ಎಣಿಸುವಷ್ಟರಲ್ಲಿ ಹಸಿರು. ಮೇಡಂ ನನ್ನನ್ನು ತಬ್ಬಿಕೊಂಡಳು. ಜೇಬಿನ ಪೆನ್ನುಗಳು ಚುಚ್ಚಿದವು.

ಪರೀಕ್ಷೆಗೆ ನಲವತ್ತು ಪ್ಯಾಕೆಟ್ ಬೇಕಿತ್ತು. ನಾನು ಒಂದು ಷರತ್ತು ಹಾಕಿದೆ. ಇಪ್ಪತ್ತನ್ನು ನಾವೆಲ್ಲ ಸೇರಿ ತುಂಬುತ್ತೇವೆ, ಇನ್ನಿಪ್ಪತ್ತನ್ನು ಸಣ್ಣಿ ಒಬ್ಬಳೇ ತುಂಬಬೇಕು. ಸಾಹುಕಾರರು, "ಇದೇನು ಹಟ, ಸುಮ್ನೆ ಅಪಾಯ" ಅಂದರು. "ಅವಳ ಪ್ಯಾಕೆಟ್ ಕೆಟ್ಟರೆ ನಾನೂ ಅವಳ ಜೊತೆ ಗೇಟು ದಾಟ್ತೀನಿ ಸರ್," ಅಂದೆ. ಲ್ಯಾಬ್ ಮೇಡಂ, "ನಾನೂ" ಅಂದಳು. ಸಾಹುಕಾರರು ತಲೆಯಾಡಿಸಿ ಹೋದರು. ಸಣ್ಣಿ ಗ್ಲೌಸ್ ಹಾಕಿಕೊಂಡು ಮೇಜಿಗೆ ಬಂದಾಗ ಮೊದಲ ಕಟ್ಟನ್ನು ನಿಧಾನವಾಗಿ ಜಾರಿಸಿದಳು, ಎರಡನೆಯದನ್ನು ಹಳೆಯ ಚುರುಕಿನಲ್ಲೇ.

ಮೇಡಂ ಪ್ರತಿ ಪ್ಯಾಕೆಟ್ಟಿಗೂ ಸೂಜಿಯಲ್ಲಿ ಕ್ರಿಮಿ ಹಾಕಿದಳು, ಬೂಷ್ಟಿನ ಬೀಜವನ್ನೂ ಹಾಕಿದಳು. ಬೇಕಂತಲೇ ಕಳ್ಳನನ್ನು ಮನೆಯೊಳಗೆ ಬಿಟ್ಟು ಕಾವಲುಗಾರ ಎದ್ದಿದ್ದಾನೋ ನೋಡುವ ಪರೀಕ್ಷೆ. ಏಳನೆಯ ದಿನ, ಹದಿನಾಲ್ಕನೆಯ ದಿನ, ಇಪ್ಪತ್ತೆಂಟನೆಯ ದಿನ ಹಿಂಡಿದ ನೀರನ್ನು ಜೆಲ್ಲಿಯ ತಟ್ಟೆಗೆ ಸುರಿದು ಎಣಿಸಬೇಕು. ಆ ನಾಲ್ಕು ವಾರ ನಮ್ಮ ಹೆಂಗಸರು ಲ್ಯಾಬಿನ ಮುಂದೆ ಹೋಗುವಾಗೆಲ್ಲ ದನಿ ತಗ್ಗಿಸುತ್ತಿದ್ದರು, ಒಳಗೆ ಯಾರೋ ಮಲಗಿದ್ದಾರೆ ಅನ್ನುವ ಹಾಗೆ. ಏಳನೆಯ ದಿನ ಅಲ್ಲೊಂದು ಇಲ್ಲೊಂದು ಕ್ರಿಮಿ ಉಳಿದಿತ್ತು. ಮೇಡಂ, ಇದು ಸಹಜ, ಇಳಿಯುತ್ತಾ ಇದೆ ಅಂದಳು. ಹದಿನಾಲ್ಕನೆಯ ದಿನ ತಟ್ಟೆಗಳು ಬಹುತೇಕ ಖಾಲಿ.

ಕೊನೆಯ ಎಣಿಕೆಯ ದಿನ ಬೆಳಗ್ಗೆ ಲೈನ್ ಶುರುವಾಗುವ ಮೊದಲು ಮೇಡಂ ನಮ್ಮನ್ನೆಲ್ಲ ಕರೆದಳು. ಮೇಜಿನ ಮೇಲೆ ನಲವತ್ತು ತಟ್ಟೆ. ನಲವತ್ತೂ ತೊಳೆದಿಟ್ಟ ಕನ್ನಡಿಯ ಹಾಗೆ. ಸಾಹುಕಾರರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು, ಸಣ್ಣಿಯ ಇಪ್ಪತ್ತನ್ನು ಎರಡೆರಡು ಸಲ ನೋಡಿದರು. ಏನೂ ಸಿಗಲಿಲ್ಲ. ನಾವು ಹದಿನೈದು ಜನ ಒಟ್ಟಿಗೆ ಉಸಿರು ಬಿಟ್ಟೆವು.

ಮೇಡಂ ನೋಟಿಸ್ ಬೋರ್ಡಿನ ಹತ್ತಿರ ಹೋಗಿ ಹಳೆಯ ಕಾಗದವನ್ನು ಕಿತ್ತಳು, ಹೊಸದನ್ನು ಅಂಟಿಸಿದಳು. ಅಂಟಿಸಿ ಗಟ್ಟಿಯಾಗಿ ಓದಿದಳು. "ಸರಕು ಕೆಟ್ಟಿದ್ದಕ್ಕೆ ಕಾರಣ ನನ್ನ ಪರೀಕ್ಷೆಯ ತಪ್ಪು. ನಾನು ಲೋಷನ್ನನ್ನು ಸೀಸೆಯಲ್ಲಿ ಪರೀಕ್ಷಿಸಿದೆ, ಬಟ್ಟೆಯಲ್ಲಿ ಪರೀಕ್ಷಿಸಲಿಲ್ಲ. ಪ್ಯಾಕಿಂಗ್ ವಿಭಾಗದ ಯಾರ ಕೈಯದೂ ತಪ್ಪಿಲ್ಲ." ಸಾಹುಕಾರರು, ಇಷ್ಟು ಬಿಡಿಸಿ ಬರೆಯಬೇಕಿತ್ತಾ, 'ತಾಂತ್ರಿಕ ಕಾರಣ' ಅಂದಿದ್ದರೆ ಸಾಕಿತ್ತಲ್ಲ ಅಂತ ಗೊಣಗಿದರು. ಅವಳು ಬದಲಿಸಲಿಲ್ಲ. ಆ ಹುಡುಗಿಯ ಮೇಲೆ ನನಗೆ ಹೆಮ್ಮೆ ಅನ್ನಿಸಿತು. ಸಣ್ಣಿ ಎಲ್ಲರ ಹಿಂದೆ ನಿಂತು ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು, ನಾವ್ಯಾರೂ ಸಮಾಧಾನ ಮಾಡಲಿಲ್ಲ, ಅಳಲಿ ಅಂತ ಬಿಟ್ಟೆವು. ಮರುದಿನ ಅವಳು ಕೆಲಸಕ್ಕೆ ಅರ್ಧ ಗಂಟೆ ತಡವಾಗಿ ಬಂದಳು. ಯಾಕೆ ಅಂದರೆ, "ಮಗು ಇಳೀಲೇ ಇಲ್ಲ ದೊಡ್ಡಕ್ಕ, ಹೆಗಲಿಗೆ ಅಂಟಿಕೊಂಡುಬಿಡ್ತು" ಅಂದಳು. ತಡವಾಗಿ ಬಂದವರನ್ನು ನಾನು ಬಿಟ್ಟಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೊಂದೇ ಸಲ.

ಸಿಸ್ಟರ್ ಕೊಟ್ಟ ಎರಡು ತಿಂಗಳಲ್ಲಿ ಇನ್ನು ಮೂರೇ ದಿನ ಉಳಿದಿತ್ತು. ಸರಕು ಕಳಿಸಿದೆವು. ಹತ್ತು ದಿನ ಅಲ್ಲಿಂದ ಸುದ್ದಿಯಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಆಟೋ ಒಂದು ಗೇಟಿನಲ್ಲಿ ನಿಂತಿತು. ಬಿಳಿ ಸಮವಸ್ತ್ರದ ದಪ್ಪ ಹೆಂಗಸೊಬ್ಬರು ಇಳಿದು, ಆಫೀಸಿನ ಕಡೆ ನೋಡದೆ ನೇರ ನಮ್ಮ ಮೇಜಿಗೆ ಬಂದರು.

"ಇದನ್ನ ಯಾರು ಮಾಡಿದ್ದು?" ಅಂದರು ಖಾಲಿ ಪ್ಯಾಕೆಟ್ ಎತ್ತಿ ಹಿಡಿದು.

ನಮ್ಮವರೆಲ್ಲ ನನ್ನ ಮುಖ ನೋಡಿದರು. ನಾನು ಏನು ಕೇಡಾಯಿತೋ ಅಂದುಕೊಳ್ಳುತ್ತಲೇ, "ನಾವೇ" ಅಂದೆ.

"ಮೂಲೆ ಮಂಚದಲ್ಲಿ ಒಬ್ಬ ಅಜ್ಜ ಇದಾರೆ. ನಾಲ್ಕು ತಿಂಗಳಿಂದ, ಮೈ ಒರೆಸೋಕೆ ಹೋದ್ರೆ ವಾರ್ಡು ಹಾರಿಹೋಗೋ ಹಾಗೆ ಕಿರುಚೋರು. ಮೊನ್ನೆ ಇದ್ರಲ್ಲಿ ಒರೆಸ್ತಾ ಇದೀನಿ, ಸದ್ದೇ ಇಲ್ಲ. ಗಾಬರಿಯಾಗಿ ನಾಡಿ ಹಿಡಿದು ನೋಡ್ತೀನಿ, ನಿದ್ದೆ ಹೋಗಿದಾರೆ." ಸಿಸ್ಟರ್ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. "ನನ್ನ ವಾರ್ಡಿಗೆ ಮಾತ್ರ ಅಲ್ಲ, ಎಲ್ಲಾ ವಾರ್ಡಿಗೂ ಬೇಕು. ಪ್ರತಿ ತಿಂಗಳೂ ಬೇಕು. ಇದನ್ನ ಹೇಳೋಕೆ ಫೋನು ಸಾಲದು ಅನ್ನಿಸ್ತು."

ಫಿಟ್ಟರಣ್ಣ ಮಿಷಿನ್ ಹಿಂದಿನಿಂದ ಶಿಳ್ಳೆ ಹೊಡೆದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಿಷಿನ್‌ನವರಿಗೆ ಸಾಹುಕಾರರು ಬೇಡ ಅಂತ ಹೇಳಿದ್ದು ಆವತ್ತೇ, ಸಿಸ್ಟರ್ ಇನ್ನೂ ನಮ್ಮ ಜೊತೆ ಟೀ ಕುಡಿಯುತ್ತಿದ್ದಾಗಲೇ. ಫೋನಿನಲ್ಲಿ ಅವರು, "ನಮ್ಮಲ್ಲಿ ಕೈ ಚೆನ್ನಾಗಿದೆ" ಅಂದಿದ್ದನ್ನು ನಾನು ಕಿವಿಯಾರೆ ಕೇಳಿದೆ.

ಮುಂದಿನ ವಾರ ಮೊದಲ ದೊಡ್ಡ ಲಾರಿ ಬಂತು. ಅವತ್ತು ಬಿಸಿಲು ನೆತ್ತಿ ಸುಡುತ್ತಿತ್ತು. ಸಾಹುಕಾರರಿಗೆ ಖುಷಿ ಎಷ್ಟಿತ್ತೆಂದರೆ, ಬೇಡ ಅಂದರೂ ಕೇಳದೆ ತೋಳು ಮಡಿಸಿಕೊಂಡು ತಾವೇ ನಾಲ್ಕು ಪೆಟ್ಟಿಗೆ ಹೊತ್ತರು. ಐದನೆಯದನ್ನು ಅಂಗಳದ ನಡುವೆ ಕೆಳಗಿಟ್ಟು ನಿಂತುಬಿಟ್ಟರು. ಮುಖವೆಲ್ಲ ಬೆವರು, ಧೂಳು. ಊಟದ ಬಿಡುವು, ನಾವೆಲ್ಲ ನೆರಳಿನಲ್ಲಿ ಕೂತಿದ್ದೆವು. ಸಣ್ಣಿಯ ಮಡಿಲಲ್ಲಿ ಒಡೆದ ಪ್ಯಾಕೆಟ್ ಒಂದಿತ್ತು, ಊಟ ಮುಗಿಸಿ ಆಗಷ್ಟೇ ಕೈ ಒರೆಸಿಕೊಂಡಿದ್ದಳು. ನಾನು ಅವಳ ಮೊಣಕೈ ತಿವಿದೆ. "ಹೋಗೇ, ಸಾಹುಕಾರರಿಗೊಂದು ಕೊಡು."

ಅವಳು ಎದ್ದಳು. ಅಂಗಳಕ್ಕೆ ಹೋಗಿ, ಬರಿಗೈಯಲ್ಲಿ ಒಂದು ವೈಪ್ ಎಳೆದು ಮುಂದೆ ಹಿಡಿದಳು. ಬೆರಳ ಸಂದಿಯ ಬಿರುಕು ಮಾಗಿ ಹೊಸ ಚರ್ಮ ಬಂದಿತ್ತು. ಲಾರಿಯ ಹತ್ತಿರ ಲೆಕ್ಕ ಬರೆಯುತ್ತಿದ್ದ ಲ್ಯಾಬ್ ಮೇಡಂ ಪೆನ್ನು ಎತ್ತಿ ಹಿಡಿದಳು. ಸಾಹುಕಾರರು ಆ ಕೈಯನ್ನು ನೋಡಿದರು, ನೋಡಿ ಸ್ವಲ್ಪ ತಲೆ ತಗ್ಗಿಸಿದರು. ಆಮೇಲೆ ವೈಪ್ ತೆಗೆದುಕೊಂಡು ಹಣೆ ಒರೆಸಿಕೊಂಡರು, ಕೆನ್ನೆ, ಕುತ್ತಿಗೆ, ಕಿವಿಯ ಹಿಂದೆ, ಕಣ್ಣು ಮುಚ್ಚಿಕೊಂಡು ರೆಪ್ಪೆಯನ್ನೂ ಒರೆಸಿಕೊಂಡರು.

"ಇನ್ನೊಂದು ಕೊಡಮ್ಮ," ಅಂತ ಕೈ ಚಾಚಿದರು.

ಸಣ್ಣಿ ಪ್ಯಾಕೆಟ್ಟಿನ ಮುಚ್ಚಳ ಒತ್ತಿ ಮುಚ್ಚಿದಳು. "ಮೊದಲು ಅದನ್ನ ಬುಟ್ಟಿಗೆ ಹಾಕಿ ಬನ್ನಿ ಸರ್," ಅಂದಳು. "ಬಳಸಿದ್ದನ್ನ ಕೈಯಲ್ಲಿ ಇಟ್ಕೊಂಡು ಹೊಸದು ಮುಟ್ಟಬಾರದು."

ಬುಟ್ಟಿ ಇದ್ದದ್ದು ಅಂಗಳದ ಆ ತುದಿಯಲ್ಲಿ. ಸಾಹುಕಾರರು ಬಿಸಿಲಿನಲ್ಲಿ ಅಲ್ಲಿಯ ತನಕ ನಡೆದು ಹೋಗಿ, ಹಾಕಿ, ವಾಪಸ್ ಬಂದು ಎರಡೂ ಕೈ ತೋರಿಸಿದರು. ಸಣ್ಣಿ ಆ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿ ಇನ್ನೊಂದು ಕೊಟ್ಟಳು.